ಕಷ್ಟ ಬಂದರೆ ಬೆಳೆಯಲೇಬೇಕಾ?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕನ್ನು ತೆಗೆದುಕೊಂಡಿದ್ದೇನೆ. ಬರೆದವರು ಬೇರೆ ಬೇರೆ ಊರಿನವರು, ಕೇಳಿದ್ದು ಹೆಚ್ಚುಕಡಿಮೆ ಒಂದೇ. ಮೊದಲನೆಯದಕ್ಕೆ ಜಾಸ್ತಿ ಜಾಗ ಹೋಗಿದೆ. ಆ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ರಶ್ನೆ: ಅಕ್ಕಾ, ವಂದನೆಗಳು. ನಮ್ಮ ಯಜಮಾನರಿಗೆ ಲಕ್ವ ಹೊಡೆದು ಮೂರು ವರ್ಷವಾಯಿತು. ಬಲಗಡೆ ಸ್ವಾಧೀನ ಇಲ್ಲ, ಮಾತೂ ಹೋಗಿದೆ. ಸ್ನಾನ, ಊಟ, ಮಲಮೂತ್ರ ಎಲ್ಲ ನನ್ನ ಕೈಯಲ್ಲೇ ಆಗಬೇಕು. ಚರ್ಚಿನ ಸಭೆಯವರು ಮನೆಗೆ ಬಂದಾಗಲೆಲ್ಲ 'ದೇವರು ನಿಮ್ಮನ್ನು ಪುಟಕ್ಕೆ ಹಾಕುತ್ತಿದ್ದಾರೆ, ಚಿನ್ನವಾಗಿ ಹೊರಗೆ ಬರುತ್ತೀರಿ' ಎನ್ನುತ್ತಾರೆ. ನಾನು ಚಿನ್ನವಾಗುತ್ತಿಲ್ಲ ಅಕ್ಕಾ. ಸಿಡುಕಿಯಾಗಿದ್ದೇನೆ. ಪ್ರಾರ್ಥನೆಗೆ ಮೊಣಕಾಲೂರಿದರೆ ಒಂದೋ ತೂಕಡಿಕೆ, ಇಲ್ಲವೇ ಸಿಟ್ಟು. ಕೆಲವು ರಾತ್ರಿ ದೇವರು ಇವರನ್ನು ಕರೆದುಕೊಂಡುಬಿಡಲಿ ಅನಿಸುತ್ತದೆ, ಬೆಳಗಾದ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಪಕ್ಕದ ಮನೆಯವಳ ಅತ್ತೆ ಹಾಸಿಗೆ ಹಿಡಿದಾಗ ಮಗ್ಗುಲು ಬದಲಿಸುವುದನ್ನು ಹೇಳಿಕೊಟ್ಟು ಬಂದೆ, ಇತ್ತೀಚೆಗೆ ನಾನು ಮಾಡಿದ ಒಳ್ಳೆ ಕೆಲಸ ಅದೊಂದೇ. ನನ್ನ ನಂಬಿಕೆ ಸತ್ತುಹೋಗಿದೆಯಾ? — ಹೆಸರು ಬೇಡ, ಗದಗ

ಉತ್ತರ: ತಂಗೀ, ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಸತ್ತಿಲ್ಲ. ಯಾರೂ ಇಲ್ಲದ ಕಡೆಗೆ ಯಾರೂ ಸಿಟ್ಟು ಮಾಡುವುದಿಲ್ಲ.

ಆ ರಾತ್ರಿಯ ಯೋಚನೆ ಬಗ್ಗೆ. ನಾನು ಮೂವತ್ತೆರಡು ವರ್ಷ ನರ್ಸ್ ಆಗಿದ್ದವಳು. ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಡತಿಯರು, ಹೆಣ್ಣುಮಕ್ಕಳು, ಸೊಸೆಯಂದಿರು ನನ್ನನ್ನು ವಾರ್ಡಿನಿಂದ ಹೊರಗೆ ಕರೆದುಕೊಂಡು ಹೋಗಿ, ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ನೀವು ಬರೆದ ಇದೇ ಮಾತನ್ನು ಕಿವಿಯಲ್ಲಿ ಹೇಳಿ ಅತ್ತಿದ್ದಾರೆ. ಅವರಲ್ಲಿ ಒಬ್ಬರೂ ಕೆಟ್ಟವರಲ್ಲ. ಎಲ್ಲರೂ ನಿದ್ದೆಗೆಟ್ಟವರು. ಸುಮ್ನೆ ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದು.

ಎಲೀಯ ನೆನಪಿದ್ದಾನಲ್ವಾ? ಮೊದಲನೆಯ ಅರಸುಗಳ ಪುಸ್ತಕ, 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಕೆಲಸ ಮಾಡಿದ ಪ್ರವಾದಿ ರಾಣಿ ಈಜೆಬೆಲಳಿಗೆ ಹೆದರಿ ಓಡಿದ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ ನನ್ನ ಪ್ರಾಣ ತೆಗೆದುಕೊಂಡುಬಿಡು ಎಂದು ಬೇಡಿ ಮಲಗಿಬಿಟ್ಟ. ದೇವರು ಗದರಲಿಲ್ಲ. ದೂತ ಬಂದು ಮೈ ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದ. ನೋಡಿದರೆ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ದೂತ ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ. ದೇವರು ಅವನನ್ನು ಪ್ರಶ್ನೆ ಕೇಳಿದ್ದು, ಮುಂದಿನ ಕೆಲಸ ಹೇಳಿದ್ದು ಎಲ್ಲ ಆಮೇಲೆ, ಅವನು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಸಾಯಬೇಕು ಅಂದವನಿಗೆ ದೇವರು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನಿದ್ದೆ. ನೀವು ಮೊಣಕಾಲೂರಿದಾಗ ತೂಕಡಿಕೆ ಬಂದರೆ ಮಲಗಿ ತಂಗೀ. ಪಾಪ ಅಂದುಕೊಳ್ಳಬೇಡಿ.

ಈಗ ಪುಟದ ಮಾತು. ಅದು ಬೈಬಲಿನದೇ. ಮಲಾಕಿಯಲ್ಲಿದೆ, ಪೇತ್ರನ ಮೊದಲನೇ ಪತ್ರದಲ್ಲಿದೆ, ಯೋಬನೂ ಹೇಳಿದ್ದಾನೆ, ದೇವರು ನನ್ನನ್ನು ಶೋಧಿಸಿದರೆ ಚಿನ್ನದ ಹಾಗೆ ಹೊರಗೆ ಬರುವೆನು ಎಂದು. ಆದರೆ ಯಾರು ಯಾರ ಬಗ್ಗೆ ಹೇಳಿದರು ನೋಡಿ. ಯೋಬ ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕೂತು, ತನ್ನ ಬಗ್ಗೆ ತಾನೇ ಹೇಳಿಕೊಂಡ. ಯೇಸುವಿನ ಸುವಾರ್ತೆ ಸಾರಿದ ಪೌಲನೂ ಹಾಗೆಯೇ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ, ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಗೆ ನಿಂತ ಗುಣ, ಆ ಗುಣದಿಂದ ನಿರೀಕ್ಷೆ ಎಂದು ಬರೆದನಲ್ಲ, ಅಲ್ಲಿ ಅವನು 'ನೀವು' ಅನ್ನಲಿಲ್ಲ, 'ನಾವು' ಅಂದ. ಆ ಮಾತಿಗೆ ಅವನು ಎಷ್ಟು ತೆತ್ತಿದ್ದ ಎನ್ನುವ ಲೆಕ್ಕ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿದೆ: ಐದು ಸಲ ಒಂದು ಕಡಿಮೆ 40 ಏಟು, ಮೂರು ಸಲ ಕೋಲಿನ ಹೊಡೆತ, ಒಂದು ಸಲ ಕಲ್ಲೆಸೆತ, ಮೂರು ಸಲ ಹಡಗು ಒಡೆದದ್ದು. ಕಷ್ಟದಲ್ಲಿ ಬೆಳೆದೆ ಅನ್ನುವ ಮಾತು ಅನುಭವಿಸಿದವರ ಬಾಯಲ್ಲಿ ಬಂದರೆ ಸಾಕ್ಷಿ. ಚಹಾ ಕುಡಿದು ಎದ್ದು ಹೋಗುವವರು ಅದನ್ನೇ ನಿಮ್ಮ ಮುಂದೆ ಹೇಳಿದರೆ ಇನ್ನೊಂದು ಹೊರೆ. ಅವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ, ಅದು ನನಗೂ ಗೊತ್ತು. ಆದರೂ ಹೊರೆ ಹೊರೆಯೇ.

ನಮ್ಮ ಬೀದಿಯಲ್ಲಿ ವಯಸ್ಸಾದ ಒಬ್ಬ ಅಕ್ಕಸಾಲಿಗರಿದ್ದರು. ಹಳೇ ಒಡವೆ ಕರಗಿಸಿ ಪುಟಕ್ಕೆ ಹಾಕಿದರೆ ಏನಾಗುತ್ತದೆ ಅಂತ ಒಮ್ಮೆ ಕೇಳಿದ್ದೆ. 'ತೂಕ ಇಳಿಯುತ್ತದಮ್ಮಾ, ಬೆಸುಗೆ, ತಾಮ್ರ ಎಲ್ಲ ಹೋಗುತ್ತಲ್ಲ' ಅಂದರು. ನನಗೆ ಅದು ಹೊಸದು. ಬೆಂಕಿಗೆ ಬಿದ್ದ ಚಿನ್ನ ಮೊದಲು ಕಡಿಮೆಯಾಗುತ್ತದೆ. ಬೆಂಕಿಯೊಳಗೆ ಇರುವಾಗ ಕರಗುತ್ತಿದ್ದೇನೆ ಅನ್ನುವುದಷ್ಟೇ ಗೊತ್ತಾಗುವುದು. ಇನ್ನು ಬೆಳವಣಿಗೆಯ ಮಾತು. ಮನೆಯ ಮಗು ಬೆಳೆದದ್ದು ಮನೆಯವರಿಗೆ ಎಲ್ಲಿ ಕಾಣುತ್ತದೆ? ಊರಿಂದ ಬಂದ ಸೋದರತ್ತೆ ಬಾಗಿಲಲ್ಲೇ ನಿಂತು 'ಅಯ್ಯೋ, ಎಷ್ಟುದ್ದ ಆಗಿದ್ದಾನೆ!' ಅನ್ನುತ್ತಾಳೆ. ನಿಮ್ಮ ಪತ್ರ ಓದಿದಾಗ ನನಗೂ ಹಾಗೇ ಆಯಿತು. ಪಕ್ಕದ ಮನೆಗೆ ಹೋಗಿ ಮಗ್ಗುಲು ಬದಲಿಸುವುದನ್ನು ಹೇಳಿಕೊಟ್ಟೆ ಎಂದು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಮೂರು ವರ್ಷದ ಹಿಂದೆ ಅದು ನಿಮಗೆ ಬರುತ್ತಿತ್ತಾ? ಬಂದಿದ್ದರೂ, ಇಷ್ಟು ದಣಿದ ಮೈಯಲ್ಲಿ ಎದ್ದು ಹೋಗುತ್ತಿದ್ದಿರಾ? ದೇವರು ನಮ್ಮನ್ನು ಸಂತೈಸುವುದು ನಾವೂ ಬೇರೆಯವರನ್ನು ಸಂತೈಸಲಿ ಎಂದು, ಅಂತ ಪೌಲ ಅದೇ ಎರಡನೇ ಪತ್ರದ ಶುರುವಿನಲ್ಲಿ ಬರೆಯುತ್ತಾನೆ. ನೀವು ಮಾಡಿ ಬಂದದ್ದು ಅದನ್ನೇ.

ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರ ಬಗ್ಗೆ ಕೇಳಿರಬಹುದು. ಕೇರಳದವರು, 1925ರಲ್ಲಿ ಹುಟ್ಟಿದವರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಎಳೆಯ ಡಾಕ್ಟರ್ ಆಗಿದ್ದಾಗ, 1954ರಲ್ಲಿ, ಗೆಳೆಯರ ಜೊತೆ ಹೋಗುತ್ತಿದ್ದ ಗಾಡಿ ಅಪಘಾತಕ್ಕೆ ಸಿಕ್ಕಿ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಇನ್ನೂ ಮೂವತ್ತು ತುಂಬಿರಲಿಲ್ಲ. ಆಮೇಲೆ ಅವರು ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಮಡಚಿಹೋದ ಬೆರಳುಗಳಿಗೆ ಆಪರೇಷನ್ ಮಾಡಿದರು. ಹೊರದೇಶಕ್ಕೆ ಹೋಗಿ, ಅಂಗ ಸ್ವಾಧೀನ ಕಳೆದುಕೊಂಡವರನ್ನು ಮತ್ತೆ ಬದುಕಿಗೆ ಹಚ್ಚುವ ವೈದ್ಯವನ್ನು ಕಲಿತು ಬಂದು, ವೆಲ್ಲೂರಿನಲ್ಲಿ ಆ ವಿಭಾಗ ನಡೆಸಿದರು. 1966ರಲ್ಲಿ ಅಂಥವರನ್ನು ಇಟ್ಟುಕೊಂಡು ನೋಡುವ ಕೇಂದ್ರವೇ ಶುರುವಾಯಿತು. 1972ರಲ್ಲಿ ಪದ್ಮಶ್ರೀ ಬಂತು.

ಈ ಕತೆಯನ್ನು ಪ್ರಾರ್ಥನೆ ಕೂಟಗಳಲ್ಲಿ ಹೇಳುವಾಗ ಅಪಘಾತದಿಂದ ನೇರ ಪದ್ಮಶ್ರೀಗೆ ಜಿಗಿಯುತ್ತಾರೆ. ನಡುವೆ ಏನೇನು ಇತ್ತು ಅನ್ನುವುದನ್ನು ನಾವು ನೋಡಬೇಕು. ಕೂತುಕೊಂಡೇ ಕೈಗಳ ಆಪರೇಷನ್ ಮಾಡಬಹುದಲ್ಲ ಎಂದು ಹೇಳಿದ ಪಾಲ್ ಬ್ರ್ಯಾಂಡ್ ಅವರಂಥ ಸರ್ಜನ್ ಹತ್ತಿರ ಇದ್ದರು. ಆರೈಕೆಗೆ ಒಂದು ಇಡೀ ಆಸ್ಪತ್ರೆ ಇತ್ತು. ಜೊತೆಗೆ ಓದಿದವರಿದ್ದರು, ಗಾಲಿಕುರ್ಚಿ ತಳ್ಳುವ ಕೈಗಳಿದ್ದವು. ಅವರ ಧೈರ್ಯ ಕಡಿಮೆ ಅಂತಲ್ಲ, ತುಂಬ ದೊಡ್ಡದು. ಆದರೆ ಅಂಥ ಧೈರ್ಯಕ್ಕೂ ಕೂರಲು ಒಂದು ಕುರ್ಚಿ ಬೇಕಾಯಿತು, ಅದನ್ನು ಯಾರೋ ತಂದು ಕೊಟ್ಟರು. ನಿಮಗೆ ಅದನ್ನು ಯಾರು ಕೊಟ್ಟಿದ್ದಾರೆ? ನಿಮ್ಮ ಪತ್ರವನ್ನು ಎರಡು ಸಲ ಹುಡುಕಿದೆ. 'ನಾನು' ಬಿಟ್ಟರೆ ಅದರಲ್ಲಿ ಕೆಲಸ ಮಾಡುವ ಇನ್ನೊಂದು ಕೈ ಕಾಣಲಿಲ್ಲ.

ಹಾಗಾಗಿ ಒಂದು ಕೆಲಸ ಮಾಡಿ. ಮುಂದಿನ ಸಲ ಸಭೆಯವರು ಬಂದು ಏನು ಪ್ರಾರ್ಥಿಸೋಣ ಎಂದರೆ, ಸಂಕೋಚ ಬಿಟ್ಟು ಹೇಳಿ: ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಒಬ್ಬರು ಇವರ ಹತ್ತಿರ ಕೂರಬೇಕು, ನಾನು ಒಳಗೆ ಹೋಗಿ ಮಲಗಬೇಕು. ಮಗ್ಗುಲು ಬದಲಿಸಲು ಗಂಡಸರು ಇಬ್ಬರು ಬಂದರೆ ನಿಮ್ಮ ಸೊಂಟಕ್ಕೂ ಒಳ್ಳೆಯದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಅನ್ನುವುದನ್ನು ಅವರಿಗೂ ಹೇಳಿಕೊಡಿ. ಒಬ್ಬರ ಭಾರವನ್ನು ಇನ್ನೊಬ್ಬರು ಹೊತ್ತುಕೊಳ್ಳಿ ಎನ್ನುವುದು ಗಲಾತ್ಯದವರಿಗೆ ಬರೆದ ಪತ್ರದಲ್ಲಿರುವ ಆಜ್ಞೆ. ನೀವು ಕೇಳಿದರೆ ಭಿಕ್ಷೆ ಕೇಳಿದ ಹಾಗಲ್ಲ, ಅವರ ಕರ್ತವ್ಯ ನೆನಪಿಸಿದ ಹಾಗೆ.

ಪ್ರಾರ್ಥನೆಗೆ ಮಾತೇ ಬಾರದಿದ್ದರೆ ಕೀರ್ತನೆ 88 ಓದಿ. ಒಂದು ತಿಂಗಳು ಅದೊಂದೇ ಓದಿದರೂ ಸಾಕು. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳಿನವೇ. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಬೈಬಲಿನಿಂದ ಯಾರೂ ತೆಗೆದುಹಾಕಲಿಲ್ಲ. ಅದು ಅಲ್ಲಿರುವುದು ನಿಮ್ಮಂಥವರಿಗಾಗಿ, ಒಂದು ಕಾಲದಲ್ಲಿ ನನ್ನಂಥವರಿಗಾಗಿ.

ನನ್ನ ವಿಷಯವನ್ನೂ ಸ್ವಲ್ಪ ಹೇಳುತ್ತೇನೆ. 2006ರಲ್ಲಿ ನಮ್ಮ ಮನೆಯವರು ತೀರಿಕೊಂಡರು. ಬೆಳಗ್ಗೆ ಮಾತಾಡಿ ಹೋದವರು ಸಂಜೆ ಬರಲಿಲ್ಲ. ಆಮೇಲೆ ಹನ್ನೊಂದು ತಿಂಗಳು ನಾನು ದೇವಾಲಯದ ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಹಾಡು ಶುರುವಾದರೆ ಗಂಟಲು ಕಟ್ಟುತ್ತಿತ್ತು. ಪಕ್ಕದಲ್ಲಿ ಒಬ್ಬ ಅಜ್ಜಿ ಕೂರುತ್ತಿದ್ದರು. ಯಾಕೆ ಹಾಡಲ್ಲ ಅಂತ ಒಂದು ದಿನವೂ ಕೇಳಲಿಲ್ಲ. ತಮ್ಮ ಹಾಡಿನ ಪುಸ್ತಕವನ್ನು ಅರ್ಧ ನನ್ನ ಕಡೆಗೆ ಸರಿಸಿ ಹಿಡಿದು, ತಾವೇ ಹಾಡುತ್ತಿದ್ದರು. ನಾನು ಮತ್ತೆ ಯಾವ ಭಾನುವಾರ ಹಾಡಲು ಶುರುಮಾಡಿದೆ ಅನ್ನುವುದು ನನಗೆ ನೆನಪಿಲ್ಲ. ಅಜ್ಜಿಯ ಬೆರಳಿನ ಗೆಣ್ಣುಗಳು, ಪುಸ್ತಕದ ಅಂಚು, ಇವತ್ತಿಗೂ ಕಣ್ಣ ಮುಂದಿವೆ. ನನ್ನ ನಂಬಿಕೆಯನ್ನು ಆ ಹನ್ನೊಂದು ತಿಂಗಳು ಅವರು ಹಿಡಿದುಕೊಂಡಿದ್ದರು ಎಂದೇ ನಾನು ತಿಳಿದಿದ್ದೇನೆ. ಅಲ್ಲಿಯವರೆಗೂ ನಾನು ರೋಗಿಗಳಿಗೆ ದೇವರ ಬಗ್ಗೆ ತುಂಬ ಮಾತಾಡುತ್ತಿದ್ದೆ. ಆಮೇಲೆ ಕಡಿಮೆ ಮಾಡಿದೆ. ಹಾಸಿಗೆ ಪಕ್ಕ ಸ್ಟೂಲ್ ಎಳೆದುಕೊಂಡು ಕೂರುವುದು ಜಾಸ್ತಿಯಾಯಿತು.

ಪ್ರಶ್ನೆ: ಆಂಟಿ, ನನಗೆ 27 ವರ್ಷ. ಕೆಲಸ ಹೋಗಿ ಎಂಟು ತಿಂಗಳಾಯಿತು. ಖಿನ್ನತೆಗೆ ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ, ಸ್ವಲ್ಪ ಪರವಾಗಿಲ್ಲ. ನಾನು ಹೋಗುವ ಪ್ರಾರ್ಥನೆ ಕೂಟದಲ್ಲಿ ಒಬ್ಬರು, ನಂಬಿಕೆ ಕಡಿಮೆಯಿರುವುದಕ್ಕೇ ಹೀಗಾಗಿದೆ, ಮಾತ್ರೆ ಬಿಟ್ಟು ದೇವರನ್ನು ನಂಬು, ಈ ಶೋಧನೆಯಲ್ಲಿ ಗೆಲ್ಲುತ್ತೀಯ ಎಂದಿದ್ದಾರೆ. ಏನು ಮಾಡಲಿ? — ಓದುಗ, ಬೆಂಗಳೂರು

ಉತ್ತರ: ಮಾತ್ರೆ ಬಿಡಬೇಡಪ್ಪಾ. ಇದನ್ನು ಎಷ್ಟು ಗಟ್ಟಿಯಾಗಿ ಹೇಳಬಹುದೋ ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಅಂಥ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಮೈಗೂ ಮನಸ್ಸಿಗೂ ಕೆಡುಕಾಗುತ್ತದೆ. ಕಡಿಮೆ ಮಾಡುವುದಿದ್ದರೆ ಅದು ನೀನು ಮತ್ತು ನಿನ್ನ ಡಾಕ್ಟರ್ ಕೂತು ಮಾತಾಡಿ ಮಾಡಬೇಕಾದದ್ದು. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ನಂಬಿಕೆ ಕಡಿಮೆಯಾದ್ದರಿಂದ ರೋಗ ಬಂತು ಅನ್ನುವವರು ಪೌಲನಿಗೆ ಏನು ಹೇಳುತ್ತಾರೆ? ತನ್ನ ಶರೀರಕ್ಕೆ ನಾಟಿದ ಶೂಲವನ್ನು ತೆಗೆಯಪ್ಪಾ ಎಂದು ಅವನು ಮೂರು ಸಲ ಬೇಡಿಕೊಂಡ. ದೇವರು ತೆಗೆಯಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂದರು. ಅವನು ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಿದ್ದಾಗ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ಶಿಷ್ಯ ತಿಮೊಥೆಯನ ಹೊಟ್ಟೆ ಕಾಯಿಲೆಗೆ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಆ ಕಾಲಕ್ಕೆ ಅದೇ ಔಷಧಿ. ಹುಟ್ಟು ಕುರುಡನನ್ನು ನೋಡಿ, ಇದು ಯಾರ ಪಾಪ, ಇವನದೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಎರಡೂ ಅಲ್ಲ ಎಂದುಬಿಟ್ಟರು. ಯೋಹಾನ 9ನೇ ಅಧ್ಯಾಯ, ಓದಿ ನೋಡು.

ಇನ್ನು ಗೆಲ್ಲುವುದು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೇ, ಸಂಕಟದ ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿಕೊಂಡರು, ಜೊತೆಗೆ ಎಚ್ಚರವಾಗಿರಿ ಅಂತ ಮೂವರು ಗೆಳೆಯರನ್ನು ಕೇಳಿಕೊಂಡರು. ಸಂಕಟ ಬೇಡ ಅನ್ನುವುದು ನಂಬಿಕೆಯ ಕೊರತೆಯಲ್ಲ. ನಿನ್ನ ಜೊತೆ ಎಚ್ಚರವಾಗಿ ಕೂರುವವರು ಇರುವ ಬೇರೆ ಸಭೆ ಹುಡುಕಿಕೋ ಮಗಾ. ಬೆಂಗಳೂರಿನಲ್ಲಿ ಸಿಗುತ್ತದೆ.

ಪ್ರಶ್ನೆ: ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿಯವರ, ಬಂಗಾಳದ ಸೆರಾಂಪುರದಲ್ಲಿದ್ದ ಅಚ್ಚುಕೂಟಕ್ಕೆ 1812ರಲ್ಲಿ ಬೆಂಕಿ ಬಿದ್ದದ್ದು, ಅವರು ಎದೆಗುಂದದೆ ಮತ್ತೆ ಶುರುಮಾಡಿದ್ದು ಬರೆದಿದ್ದಿರಿ. ಅವರ ಹೆಂಡತಿ ಡೊರೊತಿಯ ಬಗ್ಗೆ ಒಂದು ಮಾತೂ ಇರಲಿಲ್ಲ. ಅವರ ಕಷ್ಟದಿಂದ ಯಾರು ಬೆಳೆದರು? — ಓದುಗಳು, ಮಂಗಳೂರು

ಉತ್ತರ: ನೀವು ಕೇಳಿದ್ದು ಸರಿ. ನಾನು ಬಿಟ್ಟದ್ದು ತಪ್ಪು. ಹೋದ ಸಲ ಓದದವರಿಗಾಗಿ ಎರಡು ಮಾತು: ಆ ವರ್ಷ ಮಾರ್ಚ್ 11ರ ಬೆಂಕಿಯಲ್ಲಿ ಅಚ್ಚಿನ ಮೊಳೆ, ಕಾಗದ, ಕೇರಿಯವರ ವರ್ಷಗಟ್ಟಲೆಯ ಹಸ್ತಪ್ರತಿಗಳು ಹೋದವು, ಅದರಲ್ಲಿ ಬೈಬಲಿನ ಕನ್ನಡ ಅನುವಾದವೂ ಇತ್ತು. ಅಕ್ಷರದ ಅಚ್ಚು ತೆಗೆಯುವ ಉಕ್ಕಿನ ಪಡಿಯಚ್ಚುಗಳು ಉಳಿದವು, ಕರಗಿದ ಸೀಸದಿಂದಲೇ ಮತ್ತೆ ಅಕ್ಷರ ಎರಕ ಹೊಯ್ದರು. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣವೂ ಅಲ್ಲಿಂದ ಬಂತು. ಕನ್ನಡದವರಿಗೆ ಇದು ಸಣ್ಣ ವಿಷಯವಲ್ಲ.

ಡೊರೊತಿ ಈ ದೇಶಕ್ಕೆ ಬರಲು ಒಪ್ಪಿರಲಿಲ್ಲ. ಇಂಗ್ಲೆಂಡಿನಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಮಣ್ಣು ಮಾಡಿದ ತಾಯಿ. ಕೊನೆಗೆ ಒತ್ತಾಯಕ್ಕೆ ಕಟ್ಟುಬಿದ್ದು, 1793ರಲ್ಲಿ ಹಸುಗೂಸನ್ನು ಎತ್ತಿಕೊಂಡು ಹಡಗು ಹತ್ತಿದರು. ಜೊತೆಗಿರಲಿ ಎಂದು ಕರೆತಂದಿದ್ದ ತಂಗಿ ಇಲ್ಲೇ ಮದುವೆಯಾಗಿ ಬೇರೆ ಕಡೆ ಉಳಿದಳು. ಮರುವರ್ಷ ಬಂಗಾಳದ ಮುದ್ನಾಬತಿಯಲ್ಲಿ ಐದು ವರ್ಷದ ಮಗ ಪೀಟರ್ ಜ್ವರಭೇದಿಯಿಂದ ತೀರಿಕೊಂಡ. ಆ ಮಗುವನ್ನು ಮಣ್ಣಿಗಿಡಲು ಕೈ ಕೊಡುವವರು ಸಿಗುವುದೂ ಕಷ್ಟವಾಯಿತು. ಆಮೇಲೆ ಡೊರೊತಿಯ ಮನಸ್ಸು ಕದಡಿತು, ಮತ್ತೆ ತಿಳಿಯಾಗಲಿಲ್ಲ. 1807ರಲ್ಲಿ ಸೆರಾಂಪುರದಲ್ಲಿ ತೀರಿಕೊಂಡರು. ಆ ವರ್ಷಗಳಲ್ಲೆಲ್ಲ ಪಕ್ಕದ ಕೋಣೆಯಲ್ಲಿ ಗಂಡ ಅನುವಾದ ಮಾಡುತ್ತಲೇ ಇದ್ದರು.

ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಡೊರೊತಿಯ ಸಂಕಟದಿಂದ ಯಾರೂ ಬೆಳೆಯಬೇಕಾಗಿರಲಿಲ್ಲ. ಕೇರಿಯವರ ತಾಳ್ಮೆಗೆ ಆಕೆಯನ್ನು ಸಾಣೆಕಲ್ಲು ಮಾಡಿ ಹೇಳುವ ಪ್ರಸಂಗಗಳನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಈಗ ಕೇಳಲಾಗುವುದಿಲ್ಲ. ಮೇಲೆ ಮೇರಿ ವರ್ಗೀಸ್ ಅವರ ಬಗ್ಗೆ ಬರೆದೆನಲ್ಲ, ಅವರ ಸುತ್ತ ಎಷ್ಟು ಕೈಗಳಿದ್ದವು. ಡೊರೊತಿಯ ಸುತ್ತ ಅಪರಿಚಿತ ಭಾಷೆ, ಅಪರಿಚಿತ ಹವೆ, ಕೆಲಸದಲ್ಲಿ ಮುಳುಗಿದ ಗಂಡ. ಆ ಕಾಲದಲ್ಲಿ ಆ ಕಾಯಿಲೆಗೆ ಔಷಧಿಯೂ ಇರಲಿಲ್ಲ. ಇಬ್ಬರೂ ಅದೇ ದೇವರ ಮಕ್ಕಳು. ದೇವರಿಗೆ ಒಬ್ಬಳ ಮೇಲೆ ಪ್ರೀತಿ ಜಾಸ್ತಿ, ಇನ್ನೊಬ್ಬಳ ಮೇಲೆ ಕಡಿಮೆ ಅಂತ ನಾನು ನಂಬುವುದಿಲ್ಲ. ಸತ್ತ ಗೆಳೆಯ ಲಾಜರನ ಸಮಾಧಿಯ ಹತ್ತಿರ, ಇನ್ನೇನು ಅವನನ್ನು ಎಬ್ಬಿಸುವವರೇ ಆಗಿದ್ದರೂ, ಯೇಸುಸ್ವಾಮಿ ಅವನ ಸಹೋದರಿ ಮರಿಯಳು ಅಳುವುದನ್ನು ನೋಡಿ ತಾವೂ ಅತ್ತರು. ಮುದ್ನಾಬತಿಯ ಆ ಸಣ್ಣ ಗೋರಿಯ ಹತ್ತಿರವೂ ಅವರು ಅತ್ತಿರಬೇಕು ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ನನ್ನ ಗೆಳತಿಯ ಆರು ವರ್ಷದ ಮಗಳು ಹೋದ ತಿಂಗಳು ತೀರಿಕೊಂಡಳು. ಏನು ಹೇಳಬೇಕೋ ತಿಳಿಯದೆ ಹೋಗುವುದನ್ನೇ ಮುಂದೂಡುತ್ತಿದ್ದೇನೆ. ಯಾವ ವಚನ ಓದಿದರೆ ಒಳ್ಳೆಯದು? — ಓದುಗಳು, ಚಿಕ್ಕಮಗಳೂರು

ಉತ್ತರ: ಯಾವುದೂ ಬೇಡಮ್ಮಾ. ಇವತ್ತೇ ಹೋಗಿ. ಯೋಬನ ಗೆಳೆಯರು ಮೂವರು ಬಂದು, ಅವನ ಗುರುತೇ ಸಿಗದಷ್ಟು ಕೆಟ್ಟಿದ್ದನ್ನು ಕಂಡು ಅತ್ತು, ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಆ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದು. ಎಂಟನೇ ದಿನದಿಂದ ವಿವರಿಸಲು ಶುರುಮಾಡಿದರು, ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಅವರ ಮೇಲೆಯೇ ಸಿಟ್ಟಾದರು. ಗೋಳಾಡಿದ ಯೋಬ ಸರಿಯಾಗಿ ಮಾತಾಡಿದ, ನೀವು ಮಾತಾಡಲಿಲ್ಲ ಎಂದರು.

ದೇವರಿಗೆ ಹೂವು ಬೇಕಿತ್ತು, ಕಿತ್ತುಕೊಂಡರು ಅಂತೆಲ್ಲ ಯಾರಾದರೂ ಅಲ್ಲಿ ಹೇಳುತ್ತಿದ್ದರೆ ಮೆಲ್ಲಗೆ ಮಾತು ಬದಲಿಸಿ. ಸಾರು, ಅನ್ನ ಒಯ್ಯಿರಿ, ಡಬ್ಬಿ ತೊಳೆದು ಕೊಡಬೇಕಾದ ಕೆಲಸ ಅವಳಿಗೆ ಬೀಳದ ಹಾಗೆ ನೋಡಿಕೊಳ್ಳಿ. ಮಗುವಿನ ಹೆಸರು ಹಿಡಿದು ಮಾತಾಡಿ, ತಾಯಂದಿರಿಗೆ ಆ ಹೆಸರು ಕೇಳಬೇಕಿರುತ್ತದೆ. ಬಟ್ಟೆ, ಸ್ಕೂಲ್ ಬ್ಯಾಗ್ ಎತ್ತಿಡು ಅಂತ ಅವಸರ ಮಾಡಬೇಡಿ. ಈಗ ಮನೆ ತುಂಬ ಜನ ಇರಬಹುದು. ಮೂರನೇ ತಿಂಗಳಿಗೆ ಯಾರೂ ಇರುವುದಿಲ್ಲ. ಆ ಮಗುವಿನ ಹುಟ್ಟುಹಬ್ಬ ಯಾವತ್ತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ, ಆವತ್ತು ಮಧ್ಯಾಹ್ನ ಬೇರೆ ಕೆಲಸ ಇಟ್ಟುಕೊಳ್ಳದೆ ಅವಳ ಮನೆಗೆ ಹೋಗಿ.